ಚಲುವಯ್ಯನ ಬೆಂಚು, ಮಾದನ ಬೆಂಚು

ನಮ್ಮೂರಿನಲ್ಲಿ ಸಂಬಂಧ ಕುದುರಿಸುವಾಗ ಜಾತಕಕ್ಕಿಂತ ಮೊದಲು ಕೇಳುವ ಮಾತು ಒಂದೇ: ನಿಮ್ಮದು ಯಾವ ಬೆಂಚು? ಬೋರಪ್ಪನ ಹೋಟೆಲಿನಲ್ಲಿ ಎರಡು ಬೆಂಚುಗಳಿವೆ. ಬಾಗಿಲಿನ ಎಡಕ್ಕಿರುವುದು ಚಲುವಯ್ಯನ ಬೆಂಚು, ಬಲಕ್ಕಿರುವುದು ಮಾದನ ಬೆಂಚು. ಈ ಊರು ಹೆತ್ತ ಕಬಡ್ಡಿ ರೈಡರುಗಳಲ್ಲಿ ಚಲುವಯ್ಯನಿಗಿಂತ ದೊಡ್ಡವನಿಲ್ಲ ಎನ್ನುವವರು ಎಡಕ್ಕೆ ಕೂರಬೇಕು, ಚಿಟಿಕೆ ಮಾದನೇ ದೊಡ್ಡವನು ಎನ್ನುವವರು ಬಲಕ್ಕೆ. ಅಪ್ಪಿತಪ್ಪಿ ಬೇರೆ ಬೆಂಚಿನ ಮೇಲೆ ಕುಳಿತವನಿಗೆ ಬೋರಪ್ಪ ಕಾಫಿ ಕೊಡುವುದಿಲ್ಲ. ನಮ್ಮಪ್ಪ ಜವರಯ್ಯ ಹುಟ್ಟಾ ಎಡಬೆಂಚಿನವನು, ನಮ್ಮವ್ವ ಸಾಕಮ್ಮನ ತವರುಮನೆಯವರು ಒಬ್ಬರೂ ಬಿಡದೆ ಬಲಬೆಂಚು. ಅವರಿಬ್ಬರ ಮದುವೆ ಹೇಗೆ ನಡೆಯಿತೋ ಆ ದೇವರಿಗೇ ಗೊತ್ತು. ಇವತ್ತಿಗೂ ಸಾರಿಗೆ ಉಪ್ಪು ಜಾಸ್ತಿಯಾದರೆ ಅಪ್ಪ, "ಮಾದನ್ ಬೆಂಚಿನೋರ ಅಡುಗೆ, ಅವಸರ ಜಾಸ್ತಿ" ಎನ್ನುತ್ತಾನೆ. ಅವ್ವ ಸೌಟು ಎತ್ತಿಕೊಂಡು ಬರುತ್ತಾಳೆ.

ಹೊರಗಿನವರಿಗೆ ಇದು ಹುಚ್ಚು ಅನ್ನಿಸಬಹುದು. ಅನ್ನಿಸಲಿ ಬಿಡಿ, ಅವರ ಊರಿನ ರೈಡರು ನಡುಗೆರೆ ದಾಟಿದರೆ ಅವರ ಉಸಿರೇನೂ ನಿಲ್ಲುವುದಿಲ್ಲವಲ್ಲ. ನಮ್ಮದು ನಿಲ್ಲುತ್ತದೆ. ಪಂದ್ಯದಲ್ಲಿ ನಮ್ಮ ರೈಡರು "ಕಬಡ್ಡಿ ಕಬಡ್ಡಿ" ಎನ್ನುತ್ತಾ ಆಚೆ ಅಂಕಣಕ್ಕೆ ಕಾಲಿಟ್ಟ ಕೂಡಲೆ, ಗಡಿಕಲ್ಲಿನ ಒಳಗಿರುವ ನಮ್ಮೂರಿನ ಪ್ರತಿಯೊಬ್ಬರ ಉಸಿರೂ ಎದೆಯಲ್ಲೇ ಕಟ್ಟಿಕೊಳ್ಳುತ್ತದೆ. ರೈಡರು ವಾಪಸು ಬಂದು ಗೆರೆ ಮುಟ್ಟಿದಾಗ ಬಿಡುತ್ತದೆ. ಆಚೆಯವರ ಕೈಗೆ ಸಿಕ್ಕಿ ಔಟಾದರೂ ಬಿಡುತ್ತದೆ, ಆದರೆ ಆಗ ಎದೆಗೆ ಯಾರೋ ಗುದ್ದಿದ ಹಾಗಿರುತ್ತದೆ. ಹಾಗಾಗಿ ಪಂದ್ಯ ನೋಡಲು ಹೋಗದವರಿಗೂ ನಮ್ಮಲ್ಲಿ ಆಟ ಎಲ್ಲಿಗೆ ಬಂತು ಅನ್ನುವುದು ತಿಳಿದಿರುತ್ತದೆ. ಪಂದ್ಯದ ದಿನ ನಾದಸ್ವರದವರು ಮದುವೆ ಒಪ್ಪಿಕೊಳ್ಳುವುದಿಲ್ಲ. ನೀರು ಕುಡಿಯುವವರು ಗುಟುಕು ಗುಟುಕಾಗಿ ಕುಡಿಯುತ್ತಾರೆ. ಅಳುವ ಕೂಸುಗಳು ತಟಕ್ಕನೆ ನಿಲ್ಲಿಸಿ, ರೈಡ್ ಮುಗಿದ ಮೇಲೆ ಬಿಟ್ಟಲ್ಲಿಂದಲೇ ಶುರು ಮಾಡುತ್ತವೆ. ಗಂಡಹೆಂಡಿರ ಜಗಳದ ನಡುವೆ ರೈಡ್ ಬಂದರೆ ಮುಂದಿನ ಮಾತು ಆಡುವ ಮುಂಚೆ ಯೋಚಿಸಲು ಸಮಯ ಸಿಗುತ್ತದೆ, ಎಷ್ಟೋ ಸಂಸಾರಗಳು ಹಾಗೇ ಉಳಿದುಕೊಂಡಿವೆ. ನನಗೆ ಮೈ ಉರಿಯುವುದು ಹೊಳೆಯಾಚೆ ಊರಿನವರು ನಮ್ಮ ಮೈದಾನಕ್ಕೆ ಬಂದಾಗ. ನಾವೆಲ್ಲ ಕಣ್ಣು ಮೇಲೆ ಮಾಡಿಕೊಂಡು ಕುಳಿತಿದ್ದರೆ ಅವರು ನಮ್ಮ ಪಕ್ಕದಲ್ಲೇ ಸೊರಸೊರ ಉಸಿರಾಡುತ್ತಾ ಕಡಲೆಕಾಯಿ ತಿನ್ನುತ್ತಿರುತ್ತಾರೆ. ನಾಚಿಕೆ ಬೇಡವಾ?

ಈಗ ಹೇಳಿ, ಇಂಥ ಊರಿನಲ್ಲಿ ದೊಡ್ಡ ರೈಡರ್ ಯಾರು ಅನ್ನುವುದು ಬರೀ ಆಟದ ಮಾತಾಗಲು ಸಾಧ್ಯವೇ? ಚಲುವಯ್ಯನ ಕಾಲದಲ್ಲಿ ಮ್ಯಾಟಿರಲಿಲ್ಲ, ಷೂ ಇರಲಿಲ್ಲ, ರೈಡಿಗೆ ಮೂವತ್ತು ಸೆಕೆಂಡು ಎಂಬ ಗಡಿಯಾರವೂ ಇರಲಿಲ್ಲ. ಮಣ್ಣಿನ ಅಂಕಣ, ದಮ್ಮು ಇರುವ ತನಕ ಆಟ. ಅವನ ದಮ್ಮು ಮುಗಿಯುತ್ತಲೇ ಇರಲಿಲ್ಲ. ಹೊಳೆಯಾಚೆಯವರ ಏಳೂ ಜನರನ್ನು ಒಂದೇ ದಮ್ಮಿನಲ್ಲಿ ಔಟ್ ಮಾಡಿ ನಡೆದುಕೊಂಡು ವಾಪಸು ಬಂದ 'ಏಳಾಳ್ ರೈಡ್' ಇವತ್ತಿಗೂ ನಮ್ಮೂರಿನ ಲಾಲಿಹಾಡಿನಲ್ಲಿದೆ. ಆ ಹೊತ್ತು ಕಚೇರಿಯಲ್ಲಿ ಗುಮಾಸ್ತರು ಉಸಿರಿಲ್ಲದೆ ಸಾಲಾಗಿ ಮೇಜಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟರಂತೆ. ಅಪ್ಪ ಆಗ ಚಿಕ್ಕವನು, ತಾತನ ಹೆಗಲ ಮೇಲೆ ಕುಳಿತು ನೋಡಿದ್ದ. "ಹಗಲೊತ್ನಲ್ಲಿ ನಕ್ಷತ್ರ ಕಾಣಿಸ್ದೋನು ಚಲುವಯ್ಯ ಕಣ್ರಲಾ. ನಿಮ್ ಮಾದ ಏನ್ ಕಾಣಿಸ್ದ?" ಎಂದು ಅವನು ಎಡಬೆಂಚಿನಿಂದ ಕೂಗಿದರೆ ಬಲಬೆಂಚಿನಿಂದ ಉತ್ತರ ತಯಾರಾಗಿರುತ್ತದೆ: "ಗೆಲುವು ಕಾಣಿಸ್ದ!"

ಚಿಟಿಕೆ ಮಾದ ಚಲುವಯ್ಯನ ನಂತರ ಬಂದವನು. ಅವನ ರೈಡು ಚಿಟಿಕೆ ಹೊಡೆಯುವಷ್ಟು ಹೊತ್ತು. ಹೋದ, ಮುಟ್ಟಿದ, ಬಂದ. ಉಸಿರು ನಿಂತಿದೆಯೆಂದು ಗೊತ್ತಾಗುವಷ್ಟರಲ್ಲಿ ಬಿಟ್ಟಿರುತ್ತಿತ್ತು. ಒಂದು ರೈಡಿನಲ್ಲಿ ಒಂದಕ್ಕಿಂತ ಹೆಚ್ಚು ಅಂಕ ತಂದದ್ದು ಕಡಿಮೆ, ಬರಿಗೈಯಲ್ಲಿ ಬಂದದ್ದು ಇನ್ನೂ ಕಡಿಮೆ. ಬಲಬೆಂಚಿನವರ ಪ್ರಕಾರ ಅದೇ ನಿಜವಾದ ಕಲೆ. ಎಡಬೆಂಚಿನವರ ಪ್ರಕಾರ ಅದು ಹೆದರುಪುಕ್ಕಲತನ, ಎದುರಾಳಿಯ ಮನೆಗೆ ಹೋಗಿ ಕೂರದೆ ಹೊಸ್ತಿಲಿನಿಂದಲೇ ಓಡಿ ಬರುವುದು.

ಇವರಿಬ್ಬರ ಮಧ್ಯೆ ಈಗಿನ ಕಾಲೇಜು ಹುಡುಗರು ನಟೇಶನ ಹೆಸರು ತಂದರು. ನಟೇಶ ನಮ್ಮೂರಿನವನೇ, ಈಗ ದೊಡ್ಡ ನಗರದ ಟೀಮಿಗೆ ಆಡುತ್ತಾನೆ, ಟೀವಿಯಲ್ಲಿ ಬರುತ್ತಾನೆ. ಅವರಿಗೆ ಮೂರನೇ ಬೆಂಚು ಇಲ್ಲದ್ದರಿಂದ ಹೋಟೆಲಿನ ಕಂಬಕ್ಕೆ ಒರಗಿಕೊಂಡು ನಿಂತೇ ವಾದ ಮಾಡಬೇಕು. ಒಂದು ಸಂಜೆ ಕಾಂತರಾಜನೆಂಬ ಹುಡುಗ ಮೊಬೈಲು ಎತ್ತಿ ಹಿಡಿದು, "ನೋಡಿ ಜವರಣ್ಣ, ನಟೇಶನ ಅಂಕ ನೋಡಿ. ಚಲುವಯ್ಯಂದೂ ಮಾದಂದೂ ಸೇರ್ಸಿದ್ರೂ ಇಷ್ಟಾಗಲ್ಲ" ಎಂದ.

ಅಪ್ಪ ಕಾಫಿ ಲೋಟ ಕೆಳಗಿಟ್ಟು ಎರಡೂ ಬೆಂಚಿನ ಕಡೆ ಒಮ್ಮೆ ನೋಡಿದ. "ನಿನ್ನೆ ಟೀವೀಲಿ ಅವ್ನ್ ರೈಡ್ ಮಾಡ್ವಾಗ ನಾನು ಇದೇ ಕಾಪಿ ಕುಡೀತಿದ್ದೆ ಕಣ್ಲಾ. ಸರಾಗವಾಗಿ ಇಳೀತು. ನನ್ ಕಾಪಿ ನಿಲ್ಲಿಸ್ದೇ ಇರೋನು ಅದ್ಯಾವ ಸೀಮೆ ರೈಡರು?"

ಅವತ್ತು ಮೊದಲ ಸಲ ಎಡಬೆಂಚೂ ಬಲಬೆಂಚೂ ಒಟ್ಟಿಗೆ ಚಪ್ಪಾಳೆ ಹೊಡೆದವು. ಕಾಂತರಾಜ ಮೊಬೈಲು ಜೇಬಿಗಿಳಿಸಿ, "ಕಾಲ ಬೇರೆ ಕಣಣ್ಣ, ಹೆಂಗೆ ಹೋಲಿಸ್ತೀರಾ? ಚಲುವಯ್ಯಂಗೆ ಈ ಗಡಿಯಾರ ಇಟ್ಟಿದ್ರೆ ಏನ್ ಮಾಡ್ತಿದ್ದ?" ಎಂದು ಗೊಣಗಿದ. ಅದು ಒಳ್ಳೆಯ ಪ್ರಶ್ನೆಯೇ. ಆದರೆ ನಮ್ಮೂರಿನಲ್ಲಿ ಒಳ್ಳೆಯ ಪ್ರಶ್ನೆ ಕೇಳಿದವನಿಗೆ ಉತ್ತರ ಸಿಕ್ಕಿದ ಚರಿತ್ರೆಯಿಲ್ಲ. "ಗಡಿಯಾರನೇ ನಿಂತೋಗ್ತಿತ್ತು" ಎಂದು ಎಡಬೆಂಚಿನಿಂದ ಯಾರೋ ಹೇಳಿದರು. ಅಲ್ಲಿಗೆ ಮುಗಿಯಿತು.

ನಾನು ಈ ಗಲಾಟೆಯ ನಡುವೆ ಬೆಳೆದವಳು. ಹೆಸರು ಚಿಕ್ಕತಾಯಿ, ಎಲ್ಲರ ಬಾಯಲ್ಲೂ ಚಿಕ್ಕಿ. ಪದ್ಮಕ್ಕ ಹೆಣ್ಣುಮಕ್ಕಳ ಟೀಮು ಕಟ್ಟಿದಾಗ ನನ್ನನ್ನು ರೈಡರ್ ಮಾಡಿದಳು. ಹುಡುಗಿ ರೈಡಿಗೆ ಹೋದರೆ ಊರಿನ ಉಸಿರು ನಿಲ್ಲುತ್ತದೋ ಇಲ್ಲವೋ ಅನ್ನುವುದು ಆಗ ದೊಡ್ಡ ಚರ್ಚೆ. ನಿಲ್ಲುವುದಿಲ್ಲ ಎಂದೇ ಎರಡೂ ಬೆಂಚಿನವರ ಅಭಿಪ್ರಾಯ. ಕ್ಷೌರದ ನಂಜುಂಡನಂತೂ ನನ್ನ ಮೊದಲ ಪಂದ್ಯದ ದಿನ ಅಂಗಡಿ ತೆರೆದು, ಬೋರಪ್ಪನ ಕೆನ್ನೆಗೆ ಸೋಪು ಹಚ್ಚಿ, ಕತ್ತಿ ಹಿಡಿದು ನಿಂತಿದ್ದನಂತೆ. ನಾನು ಗೆರೆ ದಾಟಿದೆ. ಬೋರಪ್ಪನ ಕಿವಿಯ ತುದಿಯಲ್ಲಿ ಇವತ್ತಿಗೂ ಗುರುತಿದೆ. ಅವನೇ ಅದನ್ನು ಗಿರಾಕಿಗಳಿಗೆ ತೋರಿಸಿ, "ನಮ್ ಚಿಕ್ಕಿ ಹಾಕಿದ್ ಸೀಲು" ಎಂದು ಹೆಮ್ಮೆಪಡುತ್ತಾನೆ.

ಅಪ್ಪನ ಸಂತೋಷ ಕೇಳಬೇಡಿ. ತನ್ನ ಮಗಳು ತನ್ನ ಉಸಿರು ನಿಲ್ಲಿಸಿದಳೆಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿದ. ಆದರೆ ಅವನು ಅಕ್ಕಿ ಗಿರಣಿಯಲ್ಲಿ ಜೀವಮಾನವೆಲ್ಲ ಹೊಟ್ಟಿನ ಧೂಳು ಕುಡಿದವನು. ಅದೇ ವರ್ಷ ಅವನಿಗೆ ಉಬ್ಬಸ ಅಂಟಿಕೊಂಡಿತು. ಡಾಕ್ಟರು ಬಾಯಿಗಿಟ್ಟು ಎಳೆಯುವ ಒಂದು ಪಂಪು ಕೊಟ್ಟು, ಪಂದ್ಯದ ದಿನ ಊರೊಳಗೆ ಇರಕೂಡದು ಎಂದರು. ಉಸಿರಾಡಲು ಬಿಟ್ಟರೇ ಕಷ್ಟಪಡುವ ಎದೆ, ಅದನ್ನು ಕಟ್ಟಿ ಹಾಕಿದರೆ ಮತ್ತೆ ಬಿಚ್ಚಿಕೊಳ್ಳುತ್ತದೆಂದು ಹೇಳಲಾಗದು ಎಂದರು. ನಾನು ರೈಡಿಗೆ ಹೋದಾಗಲೆಲ್ಲ ನನ್ನ ಅಪ್ಪನ ಕುತ್ತಿಗೆಗೆ ನಾನೇ ಕೈ ಹಾಕಿದ ಹಾಗೆ ಎಂಬುದು ಅವತ್ತು ನನಗೆ ತಿಳಿಯಿತು. ಎರಡು ರಾತ್ರಿ ನಿದ್ದೆ ಬರಲಿಲ್ಲ. ಆಟ ಬಿಡುತ್ತೇನೆ ಎಂದೆ. ಅಪ್ಪ ತಟ್ಟೆ ಎಸೆದ.

ಹಾಗೆಂದು ದಾರಿ ಇಲ್ಲದಿರಲಿಲ್ಲ. ಪಂದ್ಯವಿದ್ದಾಗ ದಿನ ತುಂಬಿದ ಬಸುರಿಯರನ್ನೂ ಎದೆ ಕೆಟ್ಟವರನ್ನೂ ಗಡಿಕಲ್ಲಿನಾಚೆಯ ಹುಣಸೆಮರದ ಕೆಳಗೆ ಕರೆದೊಯ್ಯಲು ಒಂದು ಆಟೋ ಇದೆ. ಅಲ್ಲಿ ಉಸಿರು ನಿಲ್ಲುವುದಿಲ್ಲ, ಧ್ವನಿವರ್ಧಕದಲ್ಲಿ ಆಟ ಕೇಳಿಸುತ್ತದೆ. ಎಲ್ಲರೂ ಸುರಕ್ಷಿತವಾಗಿ ಕುಳಿತರೆಂದು ಆಟೋದವನು ಮೂರು ಸಲ ಹಾರನ್ ಹೊಡೆದ ಮೇಲೆಯೇ ನಮ್ಮ ಪಂದ್ಯ ಶುರುವಾಗುವುದು. ಆ ಆಟೋ ಓಡಿಸುವವನು ಬೇರೆ ಯಾರೂ ಅಲ್ಲ, ಚಿಟಿಕೆ ಮಾದ. ಆಟ ಬಿಟ್ಟ ಮರುದಿನವೇ ಆಟೋ ತಂದವನು, ಪಂದ್ಯದ ದಿನ ಬಾಡಿಗೆ ತೆಗೆದುಕೊಳ್ಳುವುದಿಲ್ಲ. ಬೋರಪ್ಪನ ಹೋಟೆಲಿಗೆ ಬಂದರೂ ಯಾವ ಬೆಂಚಿನ ಮೇಲೂ ಕೂರುವುದಿಲ್ಲ, ಹೊರಗೆ ಆಟೋಗೆ ಒರಗಿ ನಿಂತು ಕಾಫಿ ಕುಡಿಯುತ್ತಾನೆ. ನಾನು ಅವನನ್ನು ದೊಡ್ಡಪ್ಪ ಎನ್ನುತ್ತೇನೆ.

ಅಪ್ಪನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೇ? ಚಲುವಯ್ಯನ ಭಕ್ತ ಮಾದನ ಆಟೋದಲ್ಲಿ, ಅದೂ ಬಸುರಿಯರ ಜೊತೆ! ಕೂರುವಾಗಿನಿಂದ ಇಳಿಯುವ ತನಕ ಅವನ ಬಾಯಿ ನಿಲ್ಲುತ್ತಿರಲಿಲ್ಲ. "ಏನ್ ಮಾದಣ್ಣ, ಆಟೋನಾದ್ರೂ ಸಾವಕಾಶ ಓಡಿಸ್ತೀಯೋ, ಇಲ್ಲ ಇದ್ರಲ್ಲೂ ಹೋದೆ ಬಂದೆನೋ?" ಎನ್ನುವನು. ಮಾದ ದೊಡ್ಡಪ್ಪ ಕನ್ನಡಿಯಲ್ಲಿ ಹಿಂದೆ ನೋಡಿ, "ಸರಿಯಾಗಿ ಹಿಡ್ಕೊ ಜವರ, ಹಳ್ಳ ಐತೆ" ಎನ್ನುವನು. ಅಷ್ಟೇ. ಇಷ್ಟು ವರ್ಷಗಳಲ್ಲಿ ಒಂದು ಸಲವೂ ಅವನು ತನ್ನ ಪರ ವಾದಿಸಿದ್ದನ್ನು ನಾನು ಕೇಳಿರಲಿಲ್ಲ.

ಈ ವರ್ಷ ನಮ್ಮ ಟೀಮು ಫೈನಲಿಗೆ ಬಂತು. ಎದುರಿಗೆ ಹೊಳೆಯಾಚೆಯವರು, ಆಟ ನಮ್ಮದೇ ಮೈದಾನದಲ್ಲಿ. ಊರಿಗೆ ಗೆದ್ದ ಕಪ್ಪು ಬಂದು ಒಂದು ತಲೆಮಾರೇ ಆಗಿತ್ತು. ವಾರದ ಮುಂಚಿನಿಂದ ಜನ ಹೊಳೆದಂಡೆಯಲ್ಲಿ ಮೂಗು ಹಿಡಿದು ನೀರಿನಲ್ಲಿ ಮುಳುಗಿ ಅಭ್ಯಾಸ ಮಾಡಿದರು. ಬೋರಪ್ಪನ ಹೋಟೆಲಿನಲ್ಲಿ ಜಾಗವಿರಲಿಲ್ಲ. ಚಿಕ್ಕಿ ಚಲುವಯ್ಯನ ಹಾಗೆ ಆಡಬೇಕೋ ಮಾದನ ಹಾಗೆ ಆಡಬೇಕೋ ಎಂದು ಎರಡು ಬೆಂಚುಗಳೂ ಮೇಜು ಗುದ್ದಿದವು. ನನ್ನ ಕಾಲು, ನನ್ನ ದಮ್ಮು, ಆದರೆ ನನ್ನನ್ನು ಕೇಳಿದವರು ಯಾರೂ ಇಲ್ಲ.

ಪಂದ್ಯದ ದಿನ ಮಧ್ಯಾಹ್ನ ಅಪ್ಪ ಆಟೋ ಹತ್ತಲು ತಕರಾರು ತೆಗೆದ. "ಫೈನಲಮ್ಮಿ ಇದು! ನನ್ ಮಗಳು ಫೈನಲ್ ಆಡ್ವಾಗ ನಾನು ಹುಣಸೇಕಾಯಿ ತಿನ್ಕೊಂಡು ಕೂರ್ಬೇಕಾ?"

"ಕೂರ್ಬೇಕು" ಎಂದೆ.

"ಒಂದೇ ಒಂದ್ ರೈಡು. ನಿನ್ ಒಂದ್ ರೈಡು ಎದೆಯಾಗೆ ತಗೊಂಡು ಹೊಂಟೋಗ್ತೀನಿ."

"ಅಪ್ಪಾ, ನೀನು ಒಳಗಿದ್ರೆ ನಾನು ಗೆರೆ ದಾಟಲ್ಲ. ನೋಡ್ಕೊ."

ನನ್ನ ಮುಖ ನೋಡಿ ಹತ್ತಿದ. ಆಟೋ ತಿರುವಿನಲ್ಲಿ ಮರೆಯಾಗುವ ತನಕ ನಾನು ನಿಂತು ನೋಡಿದೆ. ಸ್ವಲ್ಪ ಹೊತ್ತಿಗೆ ಮೂರು ಹಾರನ್ ಕೇಳಿಸಿತು. ಆಟ ಶುರುವಾಯಿತು.

ಏನು ಆಟ ಅದು! ಅವರು ಎರಡು ತಂದರೆ ನಾವು ಎರಡು, ನಾವು ಒಬ್ಬಳನ್ನು ಕೆಡವಿದರೆ ಅವರು ಒಬ್ಬಳನ್ನು. ನಮ್ಮ ಪ್ರತಿ ರೈಡಿಗೂ ಗ್ಯಾಲರಿಯಲ್ಲಿ ಮೌನ, ಆಮೇಲೆ "ಹಾ" ಎಂಬ ಊರಗಲದ ಸದ್ದು. ಅವರ ರೈಡು ಬಂದಾಗ ನಮ್ಮವರು ಮುಂದಿನದಕ್ಕೆಂದು ಬಾಯಿ ತುಂಬ ಗಾಳಿ ಎಳೆದುಕೊಳ್ಳುತ್ತಿದ್ದರು. ಕೊನೆಯ ನಿಮಿಷಕ್ಕೆ ನಾವು ಒಂದು ಅಂಕ ಹಿಂದಿದ್ದೆವು. ಉಳಿದದ್ದು ಒಂದೇ ರೈಡು, ಅದು ನನ್ನದು. ಎರಡು ತಂದರೆ ಕಪ್ಪು, ಒಂದು ತಂದರೆ ಸರಿಸಮ. ಪದ್ಮಕ್ಕ ನನ್ನ ಭುಜ ಹಿಡಿದು ಕಿವಿಯಲ್ಲಿ ಹೇಳಿದಳು, "ಮೂವತ್ ಸೆಕೆಂಡೂ ತಗೊ. ಅವ್ರು ಸುಸ್ತಾಗ್ಲಿ. ಕೊನೇಲಿ ಮೂಲೆಯವ್ಳು ಮುಂದೆ ಬತ್ತಾಳೆ, ಆಗ ಎರಡು ಕಿತ್ಕೊಂಡ್ ಬಾ." ಅಂದರೆ ಚಲುವಯ್ಯನ ಹಾಗೆ. ನನಗೂ ಅದೇ ಆಸೆ. ಅಪ್ಪನ ಮಗಳಲ್ಲವೇ ನಾನು!

ಗೆರೆ ದಾಟಿದೆ. ಮೈದಾನ ಸ್ತಬ್ಧವಾಯಿತು. ಹೊಳೆಯಾಚೆಯವರ ಉಸಿರಾಟ ಮಾತ್ರ ಕೇಳಿಸುತ್ತಿತ್ತು. ಎಡಕ್ಕೆ ಎರಡು ಹೆಜ್ಜೆ, ಬಲಕ್ಕೆ ಎರಡು ಹೆಜ್ಜೆ, ಮೂಲೆಯ ಉದ್ದಜಡೆಯ ಹುಡುಗಿ ನನ್ನ ಕಾಲನ್ನೇ ನೋಡುತ್ತಿದ್ದಳು. ಅವಳನ್ನು ಆಡಿಸಲೆಂದು ನಾನು ಹಿಂದಕ್ಕೆ ಸರಿದು ತಲೆಯೆತ್ತಿದೆ. ಗ್ಯಾಲರಿಯ ಎರಡನೇ ಸಾಲಿನಲ್ಲಿ, ತಲೆಗೆ ಟವೆಲು ಮುಚ್ಚಿಕೊಂಡು ಒಬ್ಬ ಕುಳಿತಿದ್ದ. ಟವೆಲು ಮುಚ್ಚಿಕೊಂಡರೆ ಮಗಳಿಗೆ ಅಪ್ಪ ತಿಳಿಯುವುದಿಲ್ಲವೇ? ಅವನ ಬಾಯಿ ತೆರೆದಿತ್ತು, ಕಣ್ಣು ಅರಳಿದ್ದವು, ಮುಖ ಆಗಲೇ ಬೂದಿಯಾಗಿತ್ತು. ನಾನು ನೋಡಿದ್ದು ಗೊತ್ತಾಗಿ ಅಂಗೈ ಕೆಳಗೆ ಮಾಡಿ ಅಲ್ಲಾಡಿಸಿದ. ಸಾವಕಾಶ, ಸಾವಕಾಶ, ಪೂರ್ತಿ ಆಡು ಎಂದು ಸನ್ನೆ.

ಗಡಿಯಾರವೂ ಬೇಡ ಕಪ್ಪೂ ಬೇಡ ಅನ್ನಿಸಿತು. ಸುಮ್ಮನೆ ಸಿಕ್ಕಿಬಿದ್ದು ಔಟಾದರೂ ಅವನಿಗೆ ಉಸಿರು ಬರುತ್ತದೆ, ಆದರೆ ಆ ಗುದ್ದನ್ನು ಆ ಎದೆ ತಡೆಯುತ್ತದೆಯೇ? ಯೋಚನೆ ಮುಗಿಯುವ ಮೊದಲೇ ನಾನು ಮೂಲೆಗೆ ನುಗ್ಗಿದ್ದೆ. ಕಾಲ್ಬೆರಳು ಉದ್ದಜಡೆಯವಳ ಮೊಣಕಾಲಿಗೆ ತಗುಲಿತು. ಅಷ್ಟರಲ್ಲಿ ಇನ್ನೊಬ್ಬಳು ಸೊಂಟ ಹಿಡಿದಳು, ಮತ್ತೊಬ್ಬಳು ಮೇಲೆ ಬಿದ್ದಳು. ಅವರಿಬ್ಬರನ್ನೂ ಎಳೆದುಕೊಂಡು ತೆವಳಿದೆ. ಬೆರಳ ತುದಿ ಗೆರೆಗೆ ತಾಗಿತು.

"ಹಾ" ಎಂದಿತು ಊರು. ಮುಟ್ಟಿದವಳಿಗೆ ಒಂದು, ಹಿಡಿದವರಿಗೆ ಎರಡು, ಒಟ್ಟು ಮೂರು ಎಂದು ನಮ್ಮವರು ಕುಣಿದರು. ಆದರೆ ರೆಫರಿ ತಲೆಯಾಡಿಸಿದರು. ಕಾಲ್ಬೆರಳು ತಗುಲಿದ್ದು ತಮಗೆ ಕಾಣಲಿಲ್ಲ, ಮೇಲೆ ಬಿದ್ದವಳು ಬಿದ್ದದ್ದು ಹಿಡಿದವಳ ಮೇಲೆ, ಅಂಕ ಸೊಂಟ ಹಿಡಿದವಳೊಬ್ಬಳದೇ ಎಂದರು. ಗಲಾಟೆ ಮಾಡಿ ಪ್ರಯೋಜನವಾಗಲಿಲ್ಲ. ಒಂದೇ ಅಂಕ, ಸರಿಸಮ. ಇನ್ನು ಎರಡೂ ಕಡೆಗೆ ಐದೈದು ರೈಡು, ಅದರಲ್ಲಿ ಹೆಚ್ಚು ತಂದವರಿಗೆ ಕಪ್ಪು. ಪದ್ಮಕ್ಕ, "ಏನವಸರ ಬಂದಿತ್ತೇ ನಿಂಗೆ!" ಎಂದು ಕೂಗುತ್ತಿದ್ದಳು. ನಾನು ಅವಳ ಮಾತಿಗೆ ನಿಲ್ಲದೆ ಗ್ಯಾಲರಿಗೆ ಓಡಿದೆ.

ಅಪ್ಪ ಪಂಪು ಬಾಯಿಗಿಟ್ಟುಕೊಂಡು ಎಳೆಯುತ್ತಿದ್ದ. ಎದೆ ಒಡಕು ಕೊಳಲಿನ ಹಾಗೆ ಕೂಗುತ್ತಿತ್ತು. ಮೂರು ಹಾರನ್ ಆದ ಮೇಲೆ, ಪಂಪು ಆಟೋದಲ್ಲೇ ಮರೆತೆನೆಂದು ಹೇಳಿ ಹುಣಸೆಮರದ ಕೆಳಗಿನಿಂದ ಎದ್ದು, ಹೊಲದ ಬದುವಿನ ಮೇಲೆ ನಡೆದುಕೊಂಡು ಬಂದಿದ್ದನಂತೆ. ಉಸಿರು ತಿರುಗಿದ ಕೂಡಲೆ ಅವನು ಆಡಿದ ಮೊದಲ ಮಾತು, "ಯಾಕಮ್ಮಿ ಅಷ್ಟ್ ಬೇಗ ಬಂದ್ಬುಟ್ಟೆ? ನಾನಿನ್ನೂ ತಡ್ಕೊಂಡಿದ್ದೆ!"

"ತಡ್ಕೊಂಡಿದ್ಯಾ? ಕನ್ನಡೀಲಿ ಮುಖ ನೋಡ್ಕೊ! ಎದ್ದೇಳು. ಐದ್ ರೈಡ್ ಐತೆ ಇನ್ನ, ಎದ್ದೇಳಪ್ಪಾ!"

"ಏಳಲ್ಲ. ಚಲುವಯ್ಯ ರೈಡ್ ಮಾಡ್ವಾಗ ಈ ಊರಲ್ಲಿ ಒಬ್ಬನಾದ್ರೂ ಎದ್ದೋಗಿದ್ನಾ? ಏಳಾಳ್ ರೈಡಿನ ದಿನ ಒಬ್ಬರಾದ್ರೂ ಎದ್ರಾ?" ಸುತ್ತ ಕುಳಿತ ಎಡಬೆಂಚಿನವರು ಹೌದೌದು ಎಂದರು. ಆಗಲೇ ಮಾದ ದೊಡ್ಡಪ್ಪ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದ, ಅಪ್ಪನನ್ನು ಊರೆಲ್ಲ ಹುಡುಕಿದ್ದನಂತೆ. ಅವನನ್ನು ನೋಡಿ ಅಪ್ಪನಿಗೆ ಇನ್ನೂ ರೇಗಿತು. "ಬಂದ ನೋಡು, ಹೆದರುಪುಕ್ಲ! ನಿನ್ ನೋಡೇ ನನ್ ಮಗಳೂ ಹಿಂಗ್ ಆಡಿದ್ದು. ಏಳಾಳ್ ರೈಡಲ್ಲಿ ಯಾರ್ ಎದ್ರು ಹೇಳೋ ಮಾದ!"

"ನಮ್ಮವ್ವ ಏಳ್ಳಿಲ್ಲ" ಎಂದ ಮಾದ ದೊಡ್ಡಪ್ಪ.

ಯಾರಿಗೂ ಅರ್ಥವಾಗಲಿಲ್ಲ. ಅವನು ಗ್ಯಾಲರಿಯ ಕಂಬ ಹಿಡಿದು ನಿಂತಿದ್ದ. "ಒಲೆ ಮುಂದೆ ಕುಂತಿದ್ಲು. ಉಬ್ಬಸ ಇತ್ತು. ನಾನು ಮಗ್ಗುಲಲ್ಲೇ ಇದ್ದೆ. ನನ್ ಕಣ್ಣಿಗೂ ನಕ್ಷತ್ರ ಬಂದ್ವು ಜವರ, ನೀನ್ ಹೇಳೋದು ಸುಳ್ಳಲ್ಲ. ಆಮೇಲೆ ಊರೆಲ್ಲಾ ಉಸಿರು ಬಿಡ್ತು. ಅವ್ಳು ಬಿಡ್ಲಿಲ್ಲ."

ಬೋರಪ್ಪ ಎದ್ದು ನಿಂತ. "ನಿಮ್ಮವ್ವ ಕೆಂಪಮ್ಮ ಜ್ವರದಾಗೆ ಹೋದ್ಲು ಅಂತಲ್ವೇನೋ ನಾವೆಲ್ಲ..."

"ಊರು ಕುಣೀತಿತ್ತು. ಚಲುವಯ್ಯಣ್ಣನ್ನ ಹೆಗಲ ಮೇಲೆ ಹೊತ್ಕೊಂಡಿದ್ರು. ಅವತ್ತು ಹೆಂಗ್ ಹೇಳ್ಳಿ? ಅವನಿಗೇನ್ ಗೊತ್ತು ಪಾಪ, ಅವನದೇನು ತಪ್ಪು. ಅವನಂಥ ರೈಡರು ಇನ್ನೊಬ್ಬ ಹುಟ್ಟಲ್ಲ, ಅವನ್ ಮುಂದೆ ನಾನ್ಯಾವ ಲೆಕ್ಕ. ಆದ್ರೆ ಗೆರೆ ದಾಟಿದಾಗೆಲ್ಲ ನಂಗೆ ಒಲೆ ಮುಂದೆ ಕುಂತೋರು ಕಾಣ್ಸೋರು. ಅದ್ಕೇ ಓಡಿ ಬಂದ್ಬುಡ್ತಿದ್ದೆ. ಹೆದರುಪುಕ್ಲ ಅಂದಿದ್ದು ಸರಿಯಾಗೇ ಅಂದಿದ್ದೀಯ."

ಅಪ್ಪ ಟವೆಲನ್ನು ತಲೆಯಿಂದ ತೆಗೆದು ಹೆಗಲಿಗೆ ಹಾಕಿಕೊಂಡ. ಮಾದ ದೊಡ್ಡಪ್ಪನ ಮುಖ ನೋಡಲಾಗದೆ ಅವನ ಚಪ್ಪಲಿ ನೋಡುತ್ತಾ ಕೇಳಿದ, "ಆಟೋ ಎಲ್ಲಿ ನಿಲ್ಸಿದ್ದೀಯ ಮಾದಣ್ಣ?"

ಅಪ್ಪ ಎದ್ದದ್ದೇ ತಡ, ಎಡಬೆಂಚಿನ ಇನ್ನೊಬ್ಬ ಮುದುಕ ಕೆಮ್ಮುತ್ತಾ ಎದ್ದ. ಅವನ ಹಿಂದೆ ನಂಜುಂಡನ ಅತ್ತೆ. ಎದೆನೋವಿದೆಯೆಂದು ಮನೆಯವರಿಗೂ ಹೇಳದೆ ಮುಚ್ಚಿಟ್ಟುಕೊಂಡಿದ್ದವರು ಒಬ್ಬೊಬ್ಬರಾಗಿ ಮೆಟ್ಟಿಲಿಳಿದರು. ಆಟೋದಲ್ಲಿ ಜಾಗ ಸಾಲದೆ ಕಾಂತರಾಜ ಮತ್ತು ಅವನ ಗೆಳೆಯರು ಬೈಕುಗಳಲ್ಲಿ ಕೂರಿಸಿಕೊಂಡರು. ರೆಫರಿ ಆಟ ಶುರು ಮಾಡಿ ಎಂದು ಸೀಟಿ ಊದಿದರು. ನಾನು ಬಗ್ಗಿ ಷೂ ಲೇಸು ಕಟ್ಟಿದೆ. ಬಿಚ್ಚಿದೆ. ಮತ್ತೆ ಕಟ್ಟಿದೆ. ನನ್ನನ್ನು ನೋಡಿ ನಮ್ಮ ಟೀಮಿನ ಎಲ್ಲ ಹುಡುಗಿಯರೂ ಕುಳಿತು ಲೇಸು ಬಿಚ್ಚಿದರು. ಹೊಳೆಯಾಚೆಯವರು ಬೊಬ್ಬೆ ಹೊಡೆದರು. ರೆಫರಿ ಎಚ್ಚರಿಕೆ ಕೊಡಲು ಹಸಿರು ಚೀಟಿ ಕೈಗೆತ್ತಿಕೊಂಡರು. ಅಷ್ಟರಲ್ಲಿ ದೂರದಿಂದ ಹಾರನ್ ಕೇಳಿಸಿತು, ಒಂದು, ಎರಡು, ಮೂರು.

ನಾಲ್ಕು ರೈಡುಗಳಲ್ಲಿ ನಮ್ಮವರೂ ಬಿಡಲಿಲ್ಲ, ಅವರೂ ಬಿಡಲಿಲ್ಲ. ಅವರ ಐದನೆಯದೂ ಮುಗಿದಾಗ ಮತ್ತೆ ಸರಿಸಮ. ಉಳಿದದ್ದು ನನ್ನದೊಂದು. ಪದ್ಮಕ್ಕ ಈ ಸಲ ಬೆನ್ನು ತಟ್ಟಿದಳು ಅಷ್ಟೇ. ಅಪ್ಪ ಗಡಿಕಲ್ಲಿನಾಚೆ ಇದ್ದಾನೆ. ಬೇಕಾದರೆ ಮೂವತ್ತು ಸೆಕೆಂಡೂ ಆಡಬಹುದಿತ್ತು, ಅಡ್ಡಿಯಿರಲಿಲ್ಲ. ಆದರೆ ಗೆರೆಯ ಬಳಿ ನಿಂತಾಗ ಗ್ಯಾಲರಿಯ ಮುಖಗಳೆಲ್ಲ ಕಂಡವು, ಅವುಗಳ ಹಿಂದೆ ಮನೆಗಳು, ಮನೆಗಳೊಳಗೆ ಯಾರು ಯಾರೋ. ಎದ್ದು ಹೋಗದೆ ಉಳಿದವರು ಇನ್ನೆಷ್ಟು ಮಂದಿಯೋ ಅನ್ನಿಸಿತು. ಎದುರಿನವರು ನಾನು ಕಾಲ ತಳ್ಳುತ್ತೇನೆಂದೇ ನಂಬಿ, ಹಿಂದಿನ ಗೆರೆಯ ಕಡೆಗೆ ನಿಧಾನವಾಗಿ ಸರಿಯುತ್ತಾ ಒಬ್ಬರ ಕೈ ಒಬ್ಬರು ಹುಡುಕುತ್ತಿದ್ದರು. ನಾನು ಗೆರೆ ದಾಟಿದವಳು ನಿಲ್ಲಲೇ ಇಲ್ಲ. ಮನೆಯಲ್ಲಿ ಗೂಡಿನ ಮೇಲಿನ ಬೆಂಕಿಪೊಟ್ಟಣ ತೆಗೆದುಕೊಂಡು ಬರುವ ಹಾಗೆ ನೆಟ್ಟಗೆ ಹೋದೆ. ಉದ್ದಜಡೆಯವಳ ಕೈ ಪಕ್ಕದವಳ ಕೈಗೆ ಸೇರುತ್ತಿದ್ದ ಜಾಗಕ್ಕೆ ಪಟ್ಟನೆ ಹೊಡೆದು ತಿರುಗಿದೆ. ಅವರು ಕೈ ಬಿಡಿಸಿಕೊಳ್ಳುವಷ್ಟರಲ್ಲಿ ನಾನು ನಮ್ಮ ಮ್ಯಾಟಿನಲ್ಲಿದ್ದೆ. ಕಬಡ್ಡಿ ಎಂದು ಮೂರು ಸಲ ಅಂದಿದ್ದೆನೋ ಇಲ್ಲವೋ.

ಗ್ಯಾಲರಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ರೆಫರಿ ಎರಡು ಬೆರಳೆತ್ತಿದರು. ಆಮೇಲಿನ ಸದ್ದನ್ನು ನಾನು ಬರೆಯಲಾರೆ. ಎಡಬೆಂಚಿನವರು ಬಲಬೆಂಚಿನವರನ್ನು ಎತ್ತಿಕೊಂಡರು, ಬೋರಪ್ಪ ರೆಫರಿಯನ್ನೇ ಎತ್ತಿಕೊಂಡ, ಅವ್ವ ಸೆರಗು ಬೀಸಿ ಬೀಸಿ ಕೂಗಿದಳು. ನನ್ನನ್ನು ಹೊರಲು ಬಂದವರ ಕೈಗೆ ನಾನು ಸಿಗಲಿಲ್ಲ. ಷೂ ಕಾಲಿನಲ್ಲೇ ಮೈದಾನ ದಾಟಿ, ಬೀದಿ ದಾಟಿ, ಗಡಿಕಲ್ಲಿನ ಕಡೆಗೆ ಓಡಿದೆ.

ಅಪ್ಪ ಹುಣಸೆಮರದ ಬುಡದಲ್ಲಿ ಕುಳಿತಿದ್ದ. ಕಣ್ಣಲ್ಲಿ ನೀರು, ಮುಖ ಕೆಂಪು, ಕೆಮ್ಮುತ್ತಾ ನಗುತ್ತಿದ್ದ. ಮಾದ ದೊಡ್ಡಪ್ಪ ಅವನ ಬೆನ್ನು ಉಜ್ಜುತ್ತಾ ಬಾಯಿಗೆ ಬಂದಂತೆ ಬೈಯುತ್ತಿದ್ದ. ನನಗೆ ಭಯವಾಯಿತು. "ಏನಾಯ್ತು ದೊಡ್ಡಪ್ಪ? ಇಲ್ಲೂ ನಿಂತೋಯ್ತಾ?"

"ನಿಲ್ಲಾದೆಲ್ಲಿ? ಇವ್ನೇ ನಿಲ್ಲಿಸ್ಕೊಂಡ! ನೀನು ಗೆರೆ ದಾಟಿದೆ ಅಂತ ಮೈಕಲ್ಲಿ ಅಂದ್ರು, ಇವ್ನು ಎರಡೂ ಕೈಯಲ್ಲಿ ಮೂಗು ಬಾಯಿ ಮುಚ್ಕೊಂಡು ಕುಂತ್ಬುಟ್ಟ. ಕಿತ್ತು ಹಾಕಾನ ಅಂತ ನಾನು ಎದ್ದು ಬರೋದ್ರೊಳಗೆ ನೀನು ವಾಪಸ್ ಬಂದಿದ್ದೆ."

ನಾನು ಅಪ್ಪನ ಎದುರು ಕುಸಿದು ಕುಳಿತೆ. ಬೈಯಬೇಕೆಂದು ಬಾಯಿ ತೆರೆದರೆ ಅಳು ಬಂತು. ಅವನು ಪಂಪನ್ನು ಪಕ್ಕಕ್ಕಿಟ್ಟು, ನನ್ನ ಮೊಣಕಾಲಿನ ತರಚುಗಾಯಕ್ಕೆ ಟವೆಲಿನ ತುದಿ ಒತ್ತಿದ.

"ಚಲುವಯ್ಯನಿಗಿಂತ ದೊಡ್ಡೋನಿಲ್ಲ, ಅದ್ರಲ್ಲಿ ಎರಡ್ ಮಾತಿಲ್ಲ" ಎಂದ. ಉಸಿರು ಎಳೆದುಕೊಂಡ. "ಆದ್ರೆ ನಿಂದು ಪೂರ್ತಿ ಹಿಡ್ದೆ ಕಣಮ್ಮಿ. ಮೊದ್ಲಿಂದ ಕೊನೇವರ್ಗೂ."